ಗಾಡೀನ ಹೇಳ್ತದ

ಹಿಕ್ಸ್‌ವಿಲ್ ರೈಲು ಸ್ಟೇಷನ್ನಿನ ಹಿಂದೆ ಗ್ಯಾರೇಜು ಇಟ್ಟಿದ್ದ ಧಾರವಾಡದ ಅಂಕಲ್ ಒಬ್ಬರು, ಯಾವ ಕಾರು ಬಂದರೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ನಾವು ಬಾಯಿ ತೆರೆದರೆ ಒಂದೇ ಮಾತು: "ಗಾಡೀನ ಹೇಳ್ತದ, ನೀವು ಸುಮ್ಮನಿರ್ರಿ."

ಸುಮ್ಮನಿರುವುದು ನನ್ನ ಜಾತಕದಲ್ಲೇ ಇಲ್ಲ. ಎಂಬತ್ತರ ದಶಕದ ಕೆಂಪು ಕ್ಯಾಮರೊ ಕಾರೊಂದನ್ನು ಕೊಂಡು, ಫ್ಲಶಿಂಗ್ ದೇವಸ್ಥಾನದ ಗಣಪನ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ತಂದಿದ್ದೆ. ಮರುದಿನದಿಂದಲೇ ತಿರುವಿನಲ್ಲಿ ಟಕಟಕ ಸದ್ದು. ಎರಡು ವಾರ ಇಂಟರ್ನೆಟ್ ಜಾಲಾಡಿ, ಗೇರ್‌ಬಾಕ್ಸೇ ಹೋಗಿದೆ ಎಂದು ತೀರ್ಮಾನಿಸಿ, ಹನ್ನೆರಡು ಪುಟ ಪ್ರಿಂಟ್ ತೆಗೆದು ಅವರ ಮುಂದೆ ಓದಲು ನಿಂತೆ.

ಅಂಕಲ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದರು. ಆಮೇಲೆ ಕೈ ಚಾಚಿ ಆಶ್‌ಟ್ರೇ ಎಳೆದರು. ಒಳಗೆ ಪೂಜೆಯ ಅಡಿಕೆ ಉರುಳಾಡುತ್ತಿತ್ತು. ದೇವರ ಅಡಿಕೆಯನ್ನು ಕಸಕ್ಕೆ ಹಾಕಬಾರದೆಂದು ಅಲ್ಲಿ ಜೋಪಾನವಾಗಿ ಇಟ್ಟವನು ನಾನೇ. ಅವರು ನಗಲಿಲ್ಲ. ನನ್ನ ಪ್ರಿಂಟಿನ ಮೊದಲ ಪುಟ ಹರಿದು, ಅಡಿಕೆಯನ್ನು ಪೊಟ್ಟಣ ಕಟ್ಟಿ ಕೈಗಿಟ್ಟರು.

ಕೆಲವು ವರ್ಷಗಳ ಮೇಲೆ ಕ್ಯಾಮರೊ ಮಾರಿ ಎಲೆಕ್ಟ್ರಿಕ್ ಕಾರು ಕೊಂಡೆ. ಅವರು ಗ್ಯಾರೇಜು ಮುಚ್ಚುವ ವಾರ, ತೋರಿಸೋಣವೆಂದು ಒಯ್ದೆ. ಅಂಕಲ್ ಎಂದಿನಂತೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತರು.

"ಪಾಪ, ಮೂಕ ಅದ," ಎಂದರು. "ಆ ಕೆಂಪು ಗಾಡಿ ಯಾಕ ಮಾರಿದ್ರಿ? ಈಗ ನೀವ ಹೇಳ್ರಿ."