ಏಲಿಯಮ್ಮ ವಕೀಲರ ಗಂಟಲು

ಎರ್ನಾಕುಲಂನ ಏಲಿಯಮ್ಮ ವಕೀಲರ ಕಚೇರಿಯಲ್ಲಿ ನಾನು ಮೂವತ್ತು ವರ್ಷದಿಂದ ಗುಮಾಸ್ತ. ಚಿಕ್ಕ ವಯಸ್ಸಿನಲ್ಲಿ ಅವರು ಹನ್ನೊಂದು ವರ್ಷ ಗಂಡಸು ವಕೀಲರ ಹಿಂದೆ ಫೈಲು ಹೊತ್ತವರು. ವಾದಿಸಲು ಯಾರೂ ಬಿಟ್ಟಿರಲಿಲ್ಲ. ಈಗ ದೊಡ್ಡ ಕೇಸಿನ ದಿನವೇ ಅವರ ಗಂಟಲು ಕಟ್ಟುತ್ತದೆ. ನನ್ನನ್ನು ಬೈಯುವಾಗ ಮಾತ್ರ ಅದು ಕಂಚಿನ ಗಂಟೆ!

ಮೊನ್ನೆ ಹೈಕೋರ್ಟಿನಲ್ಲಿ ನಮ್ಮ ಕೇಸು ಕರೆದರು. ಏಲಿಯಮ್ಮ ಗಂಟಲು ಹಿಡಿದುಕೊಂಡು ಜೂನಿಯರ್ ಶೈನಿಯನ್ನು ಮುಂದೆ ನೂಕಿದರು.

"ಅಯ್ಯೋ ಮೇಡಂ, ನನ್ ಕೈಲಾಗಲ್ಲ!"

"ಕೇಸು ಪೂರ್ತಿ ತಯಾರು ಮಾಡಿದ್ದು ನೀನೇ ಅಲ್ವಾ ಮಗಳೇ? ನಿಂತ್ಕೋ," ಎಂದು ಪಿಸುಗುಟ್ಟಿದರು.

ಶೈನಿ ಕಾಗದ ಹಿಡಿದು ಎದ್ದು ನಿಂತಳು. ಎದುರು ಪಕ್ಷದ ಹಿರಿಯ ವಕೀಲೆ, ಒಂದು ಕಾಲದಲ್ಲಿ ನಮ್ಮ ಕಚೇರಿಯಲ್ಲೇ ಜೂನಿಯರ್ ಆಗಿದ್ದ ತಂಕಮಣಿ, ಅವಳತ್ತ ಬಾಗಿ ಮೆಲ್ಲಗೆ ನಕ್ಕರು.

"ಹೆದರ್ಕೋಬೇಡ ಕಣೇ. ಆ ಗಂಟಲು ಮೊದಲ್ನೇ ಸಲ ಕಟ್ಟಿದ್ದು ನನಗೋಸ್ಕರ."