ಟವೆಲ್ ಹೊದ್ದ ಕ್ಯಾಮೆರಾ ಹೇಳಿದ ಸಾಕ್ಷಿ

ಹೊಸಪೇಟೆ ಶೋರೂಮಿನಲ್ಲಿ ಮೂರನೇ ಫ್ರೀ ಸರ್ವಿಸ್ ಮುಗಿಸಿಕೊಂಡು ಕೊಟ್ಟೂರಿಗೆ ವಾಪಸ್ ಬರ್ತಿದ್ದೆ. ಹಗರಿಬೊಮ್ಮನಹಳ್ಳಿ ಇನ್ನೇನು ಬಂತು ಅನ್ನುವಾಗ ಬಾನೆಟ್ಟಿನಿಂದ ಬುಸ್ ಅಂತ ಹಬೆ... ಕಾರು ನಿಂತೇಹೋಯ್ತು.

ಸರ್ವಿಸ್ ಆಗಿ ಎರಡು ತಾಸು ಕೂಡ ಆಗಿರಲಿಲ್ಲ. ಕಾಲಡಿ ಹಾಸಿ ಕೊಟ್ಟಿದ್ದ ಪೇಪರ್ ಇನ್ನೂ ಗರಿಗರಿ ಇತ್ತು!

ಮೊಬೈಲು ನಮ್ಮ ಕಡೆ ಆಗಷ್ಟೇ ಬರ್ತಿದ್ದ ಕಾಲ. ಕೊಟ್ಟೂರಲ್ಲಿ ನಂದೊಂದು ಫೋಟೋ-ವಿಡಿಯೋ ಸ್ಟುಡಿಯೋ ಇತ್ತು. ಮದುವೆ ಸೀಸನ್ನಿನಲ್ಲಿ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಅಂತ ಓಡಾಡೋಕೆ ಜೀವನದ ಮೊದಲ ಹೊಸ ಕಾರು ತಗೊಂಡಿದ್ದೆ.

ರೋಡ್ ಪಕ್ಕದ ಎಸ್‌ಟಿಡಿ ಬೂತಿನಿಂದ ಖಾಸಿಂ ಮಾಮನಿಗೆ ಫೋನ್ ಮಾಡಿದೆ. ಖಾಸಿಂ ಸಾಬ್ ಅಂದ್ರೆ ನಮ್ಮೂರಿನ ಮೆಕ್ಯಾನಿಕ್, ನಮ್ಮಪ್ಪನ ಹಳೇ ಜೀಪನ್ನ ಇಪ್ಪತ್ತು ವರ್ಷ ಸಾಯೋಕೆ ಬಿಡದ ಮನುಷ್ಯ.

ಬೈಕ್ ಹತ್ತಿ ಬಂದೇಬಿಟ್ಟರು. ನಾನೇ ಬಾನೆಟ್ ಎತ್ತಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು.

"ರೇಡಿಯೇಟರ್ ಪೈಪಿನ ಕ್ಲಿಪ್ ಬಿಗೀನ ಮಾಡಿಲ್ಲಲ್ಲೋ ಕೊಟ್ರೇಶಿ. ನೀರೆಲ್ಲ ಹೋಗಿ ಇಂಜಿನ್ ಕೆಟ್ಟೇತಿ. ನಾ ಮುಟ್ಟಂಗಿಲ್ಲಪ, ಮುಟ್ಟಿದ್ರ ನಾನ ಕೆಡಿಸೀನಿ ಅಂತಾರ."

ಆಗ ನೆನಪಾಯ್ತು. ನನ್ನ ಹತ್ರ ಸಾಕ್ಷಿ ಇದೆ!

ಶೋರೂಮಿನವರು ನೀರು ಹೊಡೆದು, ಒರೆಸಿ ಕೊಡೋದಕ್ಕೇ ಸರ್ವಿಸ್ ಅಂತಾರೆ ಅಂತ ಊರೆಲ್ಲ ಆಡಿಕೊಳ್ತಿತ್ತು. ಅದಕ್ಕೇ ಆವತ್ತು ಪರೀಕ್ಷೆ ಮಾಡೋಣ ಅಂತ ಕ್ಯಾಮೆರಾ ಆನ್ ಮಾಡಿ, ಟವೆಲ್ ಹೊದಿಸಿ, ಕಣ್ಣು ಮಾತ್ರ ಹೊರಗೆ ಬಿಟ್ಟು ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ಬಂದಿದ್ದೆ. ಮದುವೆ ದಿಬ್ಬಣ ಶೂಟ್ ಮಾಡೋಕೆ ಅಲ್ಲೊಂದು ಸ್ಟ್ಯಾಂಡು ಮೊದಲೇ ಕೂರಿಸಿದ್ದೆ.

ಡ್ಯಾಶ್‌ಕ್ಯಾಮ್ ಅನ್ನೋ ಶಬ್ದವನ್ನೇ ನಮ್ಮ ಕಡೆ ಯಾರೂ ಕೇಳಿರಲಿಲ್ಲ. ಹಾಗಾಗಿ ಅದನ್ನ ಕಂಡುಹಿಡಿದವನು ನಾನೇ ಅಂದ್ರೂ ತಪ್ಪಿಲ್ಲ.

ರೋಡ್ ಪಕ್ಕ ಕೂತು ಕ್ಯಾಸೆಟ್ ಸ್ವಲ್ಪ ಹಿಂದಕ್ಕೆ ಓಡಿಸಿ ನೋಡಿದ್ವಿ. ಕಂಡದ್ದೇನು? ಮೇಲೆತ್ತಿದ ಬಾನೆಟ್ಟು. ಅರ್ಧ ಗಂಟೆ ಬರೀ ಬಾನೆಟ್ಟು!

ಆದರೆ ಮಾತು ಮಾತ್ರ ಸ್ಪಷ್ಟವಾಗಿ ಕೇಳ್ತಿತ್ತು.

"ಪೈಪಿನ ಕ್ಲಿಪ್ ಬಿಗಿ ಮಾಡಿದ್ಯೇನ್ಲೇ?"

"ಊಟ ಮಾಡಿ ಬಂದು ಮಾಡ್ತೀನಿ, ನಡಿಲೇ."

ಆಮೇಲೆ ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಯಾರೋ ಬಂದು ಬಾನೆಟ್ ಧಡ್ ಅಂತ ಮುಚ್ಚಿದರು, ಅಷ್ಟೇ.

ಕಾರು ಕೆಟ್ಟ ದುಃಖ ಎಲ್ಲಿ ಹೋಯ್ತೋ ಗೊತ್ತಿಲ್ಲ. ಗೊತ್ತಿದ್ದ ಲಾರಿಗೆ ಹಗ್ಗ ಕಟ್ಟಿಸಿ, ಮಾಮನನ್ನೂ ಕೂರಿಸಿಕೊಂಡು ವಾಪಸ್ ಹೊಸಪೇಟೆಗೆ ಹೊರಟೆ. ಮಾವನ ಮನೆಗೆ ಹಬ್ಬಕ್ಕೆ ಹೋಗುವಾಗಲೂ ಅಷ್ಟು ಹುರುಪಿರಲಿಲ್ಲ.

ಶೋರೂಮಿನ ಸರ್ವಿಸ್ ಇನ್‌ಚಾರ್ಜು ಇಂಜಿನ್ ಕಡೆ ಒಮ್ಮೆ ನೋಡಿದ. ಆಮೇಲೆ ಖಾಸಿಂ ಮಾಮನ ಬೆರಳುಗಳನ್ನ ನೋಡಿದ. ಮೆಕ್ಯಾನಿಕ್ಕನ ಬೆರಳು, ಕಪ್ಪಗೆ ಇರದೆ ಇನ್ನೇನು?

"ಹೊರಗಿನವ್ರು ಕೈ ಹಚ್ಯಾರ್ರಿ ಇದಕ್ಕ. ವಾರಂಟಿ ಬರಂಗಿಲ್ಲ."

ವಾರಂಟಿ ಹೋದರೆ ನನ್ನ ಇಂಜಿನ್ ಹೋಯ್ತು. ಜೊತೆಗೆ, ಮುಟ್ಟದೇ ನಿಂತಿದ್ದ ಮನುಷ್ಯನಿಗೆ ಕೆಟ್ಟ ಹೆಸರು. ನನಗೆ ಸಿಟ್ಟು ನೆತ್ತಿಗೇರಿತು.

"ಇವತ್ತಲ್ರಿ, ಯಾವತ್ತೂ ಈ ಕಾರಿಗೆ ಹೊರಗಿನವ್ರು ಕೈ ಹಚ್ಚಿಲ್ಲ! ಸಾಕ್ಷಿ ಐತಿ ನನ್ನ ಕಡಿ!"

ಮಾಮ ಯಾಕೋ ನನ್ನ ಮುಖ ನೋಡಿದರು. ನಾನು ಆಗಲೇ ಕಸ್ಟಮರ್‌ಗಳು ಕೂರುವ ಹಾಲಿನ ಟಿವಿಗೆ ವೈರ್ ಹಚ್ಚುತ್ತಿದ್ದೆ.

"ಮೊದಲಿಂದ ಹಾಕ್ರಿ" ಅಂದ ಇನ್‌ಚಾರ್ಜು. "ನೀವು ವಿಡಿಯೋದವ್ರು, ನಡುವ ಏನ್ ಕತ್ತರಿಸೀರೋ ಯಾರಿಗ್ಗೊತ್ತು."

ನನ್ನ ಪ್ರಾಮಾಣಿಕತೆ ಮೇಲೆ ಅನುಮಾನವೇ? ಪೂರ್ತಿ ರಿವೈಂಡ್ ಮಾಡಿ, ಪ್ಲೇ ಒತ್ತಿ, ಕೈಕಟ್ಟಿ ನಿಂತೆ.

ಟಿವಿಯಲ್ಲಿ ಚೆಂಡು ಹೂವಿನ ಹಾರ ಹಾಕಿಕೊಂಡ ನನ್ನ ಕಾರು ಬಂತು.

ಆಯುಧಪೂಜೆ... ಖಾಸಿಂ ಮಾಮನ ಶೆಡ್ಡು. ಅರ್ಧ ಖಾಲಿ ಇದ್ದ ಆ ಕ್ಯಾಸೆಟ್ಟನ್ನೇ ನಾನು ಸರ್ವಿಸ್‌ಗೆ ಬಿಡುವಾಗ ಕ್ಯಾಮೆರಾಗೆ ಹಾಕಿದ್ದೆ. ನಮ್ಮ ಮನೆಯಲ್ಲಿ ಯಾವ ಹೊಸ ಗಾಡಿ ಬಂದರೂ ಮೊದಲು ಮಾಮನ ಕೈಗುಣ ಬೇಕು, ಅಪ್ಪನ ಕಾಲದಿಂದ ಬಂದ ಪದ್ಧತಿ. ಅದು ಎಷ್ಟು ಅಭ್ಯಾಸ ಅಂದ್ರೆ, 'ಹೊರಗಿನವರು' ಅನ್ನುವಾಗ ಮಾಮ ನನ್ನ ಲೆಕ್ಕದಲ್ಲೇ ಇರಲಿಲ್ಲ.

ಮಾಮ ಬಾನೆಟ್ ಎತ್ತುತ್ತಾರೆ. ಕೈಯಲ್ಲಿ ಸ್ಪ್ಯಾನರ್. ಹಿಂದಿನಿಂದ ನನ್ನದೇ ದನಿ, ಹಾಲ್ ಪೂರ್ತಿ ಕೇಳುವ ಹಾಗೆ:

"ಒಂದ್ ನಟ್ಟಾದ್ರೂ ತಿರುವ್ರಿ ಮಾಮಾ, ನಿಮ್ಮ ಕೈಗುಣದಿಂದ ಸುರು ಆಗ್ಲಿ!"

ಮಾಮ ನಗುತ್ತಾ ಬ್ಯಾಟರಿ ನಟ್ಟು ಕಾಲು ಸುತ್ತು ಸಡಿಲಿಸಿ, ಮತ್ತೆ ಕಾಲು ಸುತ್ತು ಬಿಗಿ ಮಾಡುತ್ತಾರೆ.

ಫಾರ್ವರ್ಡ್ ಮಾಡೋಕೆ ಓಡಿದೆ. "ಇರ್ಲಿ ಬಿಡ್ರಿ, ಚೆಂದ ಬಂದೇತಿ" ಅಂತ ನಕ್ಕ ಇನ್‌ಚಾರ್ಜು.

ಆಮೇಲೆ ಬಾನೆಟ್ಟು, ಕ್ಲಿಪ್ಪು, ಊಟದ ಮಾತು ಎಲ್ಲ ಬಂತು. ಆಗ ಅವನ ನಗುವೂ ನಿಂತಿತು. ಕೂತಿದ್ದ ಕಸ್ಟಮರ್‌ಗಳು ಒಬ್ಬೊಬ್ಬರೇ ಎದ್ದು ತಮ್ಮ ತಮ್ಮ ಗಾಡಿ ನೋಡೋಕೆ ಹೋದರು.

ಇನ್‌ಚಾರ್ಜು ನಮ್ಮಿಬ್ಬರನ್ನೂ ಒಳಗೆ ಕರೆದು, ಬಾಗಿಲು ಹಾಕಿ, ಒಂದು ಬಿಳಿ ಹಾಳೆ ಮುಂದಿಟ್ಟ.

"ಇಂಜಿನ್ ನಾವ ಮಾಡಿ ಕೊಡ್ತೀವ್ರಿ. ಹೊರಗಿನವ್ರು ಯಾರೂ ಕೈ ಹಚ್ಚಿಲ್ಲ ಅಂತ ಬರ್ದು ಸೈನ್ ಮಾಡ್ರಿ, ಕಂಪನಿಗೆ ಕಳಿಸಬೇಕು. ಕ್ಯಾಸೆಟ್ ನಮ್ಮ ಕಡಿ ಇರ್ಲಿ."

ನಾನು ಮಾಮನ ಕಡೆ ನೋಡಿದೆ. "ಬರಿ" ಅಂದರು, ಅಷ್ಟೇ.

ಬರೆದೆ. ಖಾಸಿಂ ಸಾಬ್ ಸೇರಿದಂತೆ ಯಾರೂ ಈ ಕಾರನ್ನು ಮುಟ್ಟಿಲ್ಲ ಅಂತ, ಅವರ ಎದುರಿಗೇ ಕೂತು, ಇನ್‌ಚಾರ್ಜು ಹೇಳಿದ ಹಾಗೆ ಹೆಸರು ಸಮೇತ ಬರೆದೆ. ಕ್ಯಾಸೆಟ್ಟೂ ಕೊಟ್ಟೆ, ಪೂಜೆಯ ಭಾಗವೂ ಅದರ ಜೊತೆಗೇ ಹೋಯ್ತು.

ಕಾರು ರಿಪೇರಿಯಾಗಿ ಬಂತು, ಚೆನ್ನಾಗೇ ಓಡಿತು. ತಿಂಗಳ ಮೇಲೆ ಏನೋ ಕಿರಿಕಿರಿ ಸದ್ದು ಅಂತ ಮಾಮನ ಶೆಡ್ಡಿಗೆ ಹೋದೆ.

ಕೂರಿಸಿದರು, ಚಾ ತರಿಸಿದರು, ಅಪ್ಪನ ಆರೋಗ್ಯ ಕೇಳಿದರು. ಬಾನೆಟ್ ಮಾತ್ರ ಎತ್ತಲಿಲ್ಲ.

"ನಾ ಕೈ ಹಚ್ಚಿಲ್ಲ ಅಂತ ಬರ್ದು ಕೊಟ್ಟೀಯಲ್ಲೋ. ನಿನ್ನ ಮಾತು ನಾ ಯಾಕ ಸುಳ್ಳು ಮಾಡ್ಲಿ?"

ನಗುತ್ತಲೇ ಅಂದರು. ನಾನು ಅರ್ಧ ಚಾ ಅಲ್ಲೇ ಬಿಟ್ಟು ಕಾರಿನ ಕೀ ಎತ್ತಿಕೊಂಡೆ.

ಆ ಕಾರು ಮಾರುವವರೆಗೂ ಶೋರೂಮಿನಲ್ಲೇ ಸರ್ವಿಸ್ ಮಾಡಿಸಿದೆ. ಬೇರೆ ದಾರಿ ಇರಲಿಲ್ಲ.

ಒಂದು ಮಾತು ಕೇಳ್ತೀನಿ, ಯೋಚನೆ ಮಾಡಿ ಹೇಳಿ... ಆ ಹಾಳೆಗೆ ನೀವಾಗಿದ್ರೆ ಸೈನ್ ಮಾಡ್ತಿದ್ರಾ?