ಯಜಮಾನರು ಇದ್ದಾರಾ?

ಬಾಗಿಲು ತಟ್ಟಿ ಬುದ್ಧಿ ಹೇಳಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹಾಗಿದ್ದೂ ನನ್ನ ಲಾಂಡ್ರಿಯ ಮೇಲಿನ ಕೋಣೆಯನ್ನು ಇಬ್ಬರು ಮಿಷನರಿ ಹುಡುಗರಿಗೆ ಬಾಡಿಗೆಗೆ ಕೊಟ್ಟೆ. ಕುಡಿಯುವುದಿಲ್ಲ, ಸೇದುವುದಿಲ್ಲ, ಕತ್ತಲಾದ ಮೇಲೆ ಹೊರಗೆ ತಿರುಗುವುದಿಲ್ಲ. ಬಾಡಿಗೆಯವರಲ್ಲಿ ಇನ್ನೇನು ಹುಡುಕಬೇಕು? ದೇವರ ಗೊಡವೆ ಅವರಿಗಿರಲಿ, ನಲ್ಲಿ ಸರಿಯಾಗಿ ನಿಲ್ಲಿಸಿದರೆ ಸಾಕು ಎಂದುಕೊಂಡೆ.

ಇಬ್ಬರಲ್ಲಿ ಚಿಕ್ಕವನಿಗೆ ಬೀದಿಯವರು ಬಂದ ವಾರವೇ 'ಮರಿಪಾದ್ರಿ' ಎಂದು ಹೆಸರಿಟ್ಟರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ, ಕೊರಳಲ್ಲಿ ಟೈ ಮಾತ್ರ ಅಪ್ಪನದನ್ನು ಕಟ್ಟಿಕೊಂಡು ಬಂದಂತೆ ಸೊಂಟದ ಕೆಳಗೆ ಇಳಿದಿರುತ್ತಿತ್ತು. ಸಮುದ್ರದಾಚೆಯ ಯಾವುದೋ ದೇಶದಿಂದ ಎರಡು ವರ್ಷದ ಸೇವೆಗೆಂದು ಬಂದಿದ್ದ. ಅವನ ಜೊತೆಗಾರ ಸ್ವಲ್ಪ ದೊಡ್ಡವನು, ಒಣಕಲ, ನಿಯಮ ಎಂದರೆ ನಿಯಮ. ಅವನಿಗೆ ನಾನೇ ಇಟ್ಟ ಹೆಸರು ಕಡ್ಡಿ.

ಮರಿಪಾದ್ರಿ ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತಿದ್ದ. "ತಮ್ಮ ಅಂಗಡಿಯಲ್ಲಿ ನನ್ನ ಅಂಗಿಗಳನ್ನು ಶುಭ್ರಗೊಳಿಸುವಿರಾ?" ಎಂದು ಮೊದಲ ದಿನ ಕೇಳಿದಾಗ ಇಸ್ತ್ರಿಯ ಹೆಂಗಸು ನಗು ತಡೆಯಲಾರದೆ ಹಿಂದಿನ ಕೋಣೆಗೆ ಓಡಿದಳು. ಇನ್ನೊಂದು ಸಲ ಎದುರು ಮನೆಯ ತಾತನ ಬಾಗಿಲು ತಟ್ಟಿದ. ತಾತ ಆಸ್ಪತ್ರೆಯಿಂದ ಬಂದು ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಇವನು ಮುಖ ತುಂಬ ನಗುತ್ತಾ, "ತಾತಾ, ದೇವರು ನಿಮ್ಮನ್ನು ಕರೀತಿದ್ದಾನೆ!" ಎಂದುಬಿಟ್ಟ. ತಾತ ಊರುಗೋಲು ಎತ್ತಿಕೊಂಡು, "ನಿನ್ನನ್ನೇ ಮೊದಲು ಕರೀಲಿ ಕಣೋ!" ಎಂದು ಗೇಟಿನವರೆಗೂ ಅಟ್ಟಿಸಿಕೊಂಡು ಬಂದರು. ಆ ಮುದುಕ ಅಷ್ಟು ಚುರುಕಾಗಿ ನಡೆದದ್ದನ್ನು ಅವರ ಮನೆಯವರೂ ಅದೇ ಮೊದಲು ನೋಡಿದ್ದು.

ನಗುವಿನ ಮಾತು ಹಾಗಿರಲಿ. ಅಂಗಿ ಒಗೆಯುವವಳಿಗೆ ಅಂಗಿ ತೊಟ್ಟವನ ಪಾಡು ಗೊತ್ತಾಗುತ್ತದೆ. ಅವನ ಕಾಲರು ವಾರವಾರವೂ ಸಡಿಲವಾಗುತ್ತಿತ್ತು, ಅಂದರೆ ಹುಡುಗ ಸರಿಯಾಗಿ ಉಣ್ಣುತ್ತಿರಲಿಲ್ಲ. ಬೆನ್ನಿಗೆ ಬೆವರು ಒಣಗಿದ ಉಪ್ಪಿನ ಗೆರೆ, ಪ್ಯಾಂಟಿನ ಮಂಡಿಯಲ್ಲಿ ನೆಲದ ಧೂಳು. ಮಂಡಿಯೂರುವ ಅಭ್ಯಾಸ ಅವನಿಗೆ. ದಿನವಿಡೀ ನಡೆದು ಬಾಗಿಲು ತಟ್ಟುವುದು, ಅದನ್ನು ಮುಖದ ಮೇಲೇ ಹಾಕಿಸಿಕೊಳ್ಳುವುದು, ಮುಂದಿನ ಬಾಗಿಲಿಗೆ ಹೋಗುವುದು. ಭಾನುವಾರ ಪೇಂಟಿನ ಅಂಗಡಿಯ ಮೇಲಿನ ಹಾಲ್‌ನಲ್ಲಿ ಮಡಚುವ ಕುರ್ಚಿ ಹಾಕಿ ಸಭೆ. ಕುರ್ಚಿಗಳು ತುಂಬಿದ್ದನ್ನು ನಾನು ನೋಡಿಲ್ಲ. ಈ ದೇಶಕ್ಕೆ ಬಂದು ವರ್ಷದ ಮೇಲಾದರೂ ಅವನ ಮಾತು ಕೇಳಿ ಒಬ್ಬನೇ ಒಬ್ಬ ಅವರ ಮತಕ್ಕೆ ಸೇರಿರಲಿಲ್ಲ. ಕಲ್ಲಿನ ಮೇಲೆ ನೀರು ಸುರಿದ ಹಾಗೆ. "ಬೇಜಾರಾಗಲ್ವೇನೋ?" ಎಂದರೆ, "ಆಗ್ತದೆ ಅಮ್ಮಾ. ಆದ್ರೆ ಹೇಳೋದು ನನ್ನ ಕೆಲಸ, ಕೇಳಿಸೋದು ಅವನ ಕೆಲಸ," ಎಂದು ಮೇಲೆ ತೋರಿಸುತ್ತಿದ್ದ. ಮೇಲೆ ಅವನದೇ ಕೋಣೆಯಿತ್ತು, ಅದರ ನಲ್ಲಿ ತೊಟ್ಟಿಕ್ಕುತ್ತಿತ್ತು.

ಸೋಮವಾರ ಅವರಿಗೆ ಬಿಡುವು. ಬಟ್ಟೆ ಒಗೆಯಲು ಹಾಕಿ, ಅದು ತಿರುಗುವಷ್ಟು ಹೊತ್ತು ಊರಿಗೆ ಫೋನು ಮಾಡುತ್ತಿದ್ದ. ವಾರಕ್ಕೆ ಒಂದೇ ಸಲ, ಅದೂ ನಿಯಮ. ಯಂತ್ರದ ಪಕ್ಕದ ಬೆಂಚಿನ ಮೇಲೆ ಕೂತು, ಒಂದು ಕಿವಿ ಮುಚ್ಚಿಕೊಂಡು, ತಾಯಿಯ ಜೊತೆ ಮಾತಾಡುತ್ತಿದ್ದ. ಅವನು ಹೊರಡುವಾಗಲೇ ಆಕೆಗೆ ಕಾಯಿಲೆ. ವಾಸಿಯಾಗುವಂಥದ್ದಲ್ಲ ಎಂದು ವೈದ್ಯರು ಹೇಳಿಯಾಗಿತ್ತಂತೆ. ಇವನು ಹೋಗುವುದಿಲ್ಲ ಎಂದು ಕೂತನಂತೆ. ಆಕೆಯೇ ಪೆಟ್ಟಿಗೆ ತುಂಬಿ, "ಹೊರಟವನು ಅರ್ಧ ದಾರೀಲಿ ತಿರುಗಬೇಡ. ನಾನು ಕಾಯ್ತೀನಿ," ಎಂದಳಂತೆ. ಅವನು ಆ ಮಾತನ್ನು ಗಟ್ಟಿಯಾಗಿ ಹಿಡಿದಿದ್ದ. ದೇವರ ಕೆಲಸಕ್ಕೆ ಬಂದವನ ತಾಯಿಯನ್ನು ದೇವರು ಉಳಿಸಿಕೊಡುವುದಿಲ್ಲವೇ ಎಂದು ನನ್ನನ್ನೇ ಕೇಳುತ್ತಿದ್ದ. ನಾನು ಸೋಪಿನ ಪುಡಿ ಅಳೆಯುತ್ತಿದ್ದೆ.

ಇನ್ನು ನನ್ನ ಅಕ್ಕನ ಮಾತು. ಅಕ್ಕನ ಮನೆ ಎರಡು ಬೀದಿ ಆಚೆ. ಭಾವ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತಿತ್ತು, ತುತ್ತು ಬಿಟ್ಟು ಎದ್ದು ಹೋಗುತ್ತಿದ್ದರು. ಹಿಂದಿನ ವರ್ಷ, ಈ ಹುಡುಗರು ನಮ್ಮ ಬೀದಿಗೆ ಬರುವ ಮೊದಲೇ, ಒಂದು ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳುತ್ತಾ ಬಾಗಿದವರು ಮತ್ತೆ ಮೇಲೇಳಲಿಲ್ಲ. ಮಕ್ಕಳಿರಲಿಲ್ಲ. ಅಕ್ಕ ಒಬ್ಬಳೇ ಉಳಿದಳು. ಬುಧವಾರ ಮಧ್ಯಾಹ್ನ ನಾನು ಅಂಗಡಿ ಮುಚ್ಚಿ ಅವಳ ಮನೆಗೆ ಹೋಗುತ್ತೇನೆ.

ಅಂಥ ಒಂದು ಬುಧವಾರ ಬಾಗಿಲು ತಟ್ಟಿದ ಸದ್ದಾಯಿತು. ನಾನು ಅಡುಗೆಮನೆಯಲ್ಲಿದ್ದೆ. ಮರಿಪಾದ್ರಿಯ ದನಿ ಗುರುತು ಸಿಕ್ಕಿತು.

"ನಮಸ್ಕಾರ. ಯಜಮಾನರು ಇದ್ದಾರಾ?"

"ಇಲ್ಲ," ಎಂದಳು ಅಕ್ಕ.

"ಯಾವಾಗ ಬರ್ತಾರೆ?"

ನನಗೆ ಕೈಲಿದ್ದ ಸೌಟು ಸಮೇತ ಓಡಿಹೋಗಿ ಅವನ ತಲೆಗೊಂದು ಕೊಡಬೇಕೆನ್ನಿಸಿತು. ಗಂಡ ಸತ್ತವಳನ್ನು ಯಾವಾಗ ಬರ್ತಾರೆ ಎಂದು ಕೇಳುವುದೇ? ಅಷ್ಟರಲ್ಲಿ ಅಕ್ಕ, "ಅವರ ಕೆಲಸ ಹಾಗೇ ನೋಡಪ್ಪ, ಹೇಳೋಕಾಗಲ್ಲ," ಎಂದಳು. ಮೂವತ್ತು ವರ್ಷ ಬಾಗಿಲಿಗೆ ಬಂದವರಿಗೆಲ್ಲ ಹೇಳಿ ಹೇಳಿ ಬಾಯಿಗೆ ಕೂತ ಮಾತು. ತಾನಾಗಿಯೇ ಬಂದುಬಿಟ್ಟಿತ್ತು.

ಗಂಡಸರಿಲ್ಲದ ಮನೆಯೊಳಗೆ ಅವರು ಕಾಲಿಡುವಂತಿಲ್ಲ, ನಿಯಮ. ಹೊಸಿಲಾಚೆ ನಿಂತೇ ಮರಿಪಾದ್ರಿ ಕಣ್ಣು ಮುಚ್ಚಿ, ಈ ಮನೆಯ ಯಜಮಾನರನ್ನು ದೇವರು ಕ್ಷೇಮವಾಗಿ ಇಡಲಿ ಎಂದು ಪ್ರಾರ್ಥಿಸಿದ. ಮುಂದಿನ ಬುಧವಾರ ಬರುತ್ತೇನೆಂದು ಹೇಳಿ ಹೋದ. ಅಕ್ಕ ಒಳಗೆ ಬಂದಾಗ ಮುಖ ಕೆಂಪಾಗಿತ್ತು.

"ನಿನಗೇನು ತಲೆ ಕೆಟ್ಟಿದೆಯಾ? ಅವನಿಗೆ ನಿಜ ಹೇಳೋದಲ್ವಾ?" ಎಂದು ರೇಗಿದೆ.

"ನಾನೇನು ಸುಳ್ಳು ಹೇಳಿದೆ? ಇಲ್ಲ ಅಂದೆ."

ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು. ಆದರೆ ಅವನು ಮುಂದಿನ ಬುಧವಾರವೂ ಬಂದ, ಅದರ ಮುಂದಿನದಕ್ಕೂ. "ಇವತ್ತೂ ಇಲ್ವಾ?" ಎಂದು ಕೇಳುತ್ತಿದ್ದ. ಅಕ್ಕ ಬಾಗಿಲಿಗೆ ಒರಗಿ, ಆಸ್ಪತ್ರೆಯ ಲಿಫ್ಟು ಮಧ್ಯದಲ್ಲಿ ನಿಂತುಬಿಟ್ಟಿದೆಯಂತೆ, ಒಳಗೆ ಬಸುರಿ ಹೆಂಗಸು ಸಿಕ್ಕಿಕೊಂಡಿದ್ದಾಳಂತೆ, ಇವರು ಮೇಲಿನಿಂದ ಹಾಡು ಹೇಳಿ ಧೈರ್ಯ ಕೊಡ್ತಿದ್ದಾರಂತೆ ಎಂದು ಹೇಳುತ್ತಿದ್ದಳು. ಅದೆಲ್ಲ ಎಷ್ಟೋ ವರ್ಷದ ಹಿಂದೆ ನಡೆದದ್ದು, ನನಗೆ ಗೊತ್ತಿದ್ದದ್ದೇ. "ಹಾಡಿದ್ದರು" ಎನ್ನಬೇಕಾದಲ್ಲಿ "ಹಾಡ್ತಿದ್ದಾರೆ" ಎನ್ನುತ್ತಿದ್ದಳು, ಅಷ್ಟೇ. ಹುಡುಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ನಾನು ತಡೆಯಲಾರದೆ ಒಂದು ದಿನ, ನಾನೇ ಅವನಿಗೆ ಹೇಳುತ್ತೇನೆ ಎಂದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಬೇಡ ಕಣೇ. ನಾನು ಅವರ ಮಾತೆತ್ತಿದ್ರೆ ಸಾಕು, ಎಲ್ಲರೂ ಮುಖ ಸಪ್ಪೆ ಮಾಡ್ಕೊಂಡು ಮಾತು ಬದಲಾಯಿಸ್ತಾರೆ. ನೀನೂ ಅಷ್ಟೇ. ಇಡೀ ಊರಲ್ಲಿ ಅವರನ್ನ ಬದುಕಿಸಿ ಇಟ್ಟಿರೋನು ಅವನೊಬ್ಬನೇ. ಅವನಿಗೆ ಗೊತ್ತಾದ ದಿನ ಅಲ್ಲೂ ಸತ್ತುಹೋಗ್ತಾರೆ."

ಬಾಯಿಗೆ ಬೀಗ ಹಾಕಿಕೊಂಡೆ. ಅಂದಿನಿಂದ ನನಗೆ ಇದ್ದದ್ದು ಅದೊಂದೇ ಭಯ, ಆ ಹುಡುಗ ಭಾಷೆ ಚೆನ್ನಾಗಿ ಕಲಿತುಬಿಡುತ್ತಾನಲ್ಲ ಎಂದು. ಅವನೋ ಸೋಮವಾರ ಬಟ್ಟೆ ಹಾಕುತ್ತಾ ನನ್ನೆದುರೇ ಹೊಗಳುತ್ತಿದ್ದ. "ಈ ಊರಲ್ಲಿ ನನಗೆ ನಗ್ತಾ ಬಾಗಿಲು ತೆಗೆಯೋದು ನಿಮ್ಮ ಅಕ್ಕ ಒಬ್ಬರೇ. ಯಜಮಾನರು ಒಳ್ಳೆಯವರು. ಅವರು ಸಿಕ್ಕಿದ ದಿನ ಒಳಗೆ ಕೂತು ಎಲ್ಲ ಹೇಳ್ತೀನಿ." ನಾನು ಅವನ ಕಾಲರಿಗೆ ಸೋಪು ಹಚ್ಚಿ ತಿಕ್ಕುತ್ತಿದ್ದೆ. ಕಾಲರು ಸವೆದುಹೋಗುವಷ್ಟು ತಿಕ್ಕಿದ್ದೇನೆ.

ಫೋನಿನಲ್ಲಿ ತಾಯಿಯ ದನಿ ಇಳಿಯುತ್ತಾ ಬಂತು. ಒಂದು ಸೋಮವಾರ ಆಕೆ ಮಾತಾಡಲಿಲ್ಲ, ನಿದ್ದೆಯಲ್ಲಿದ್ದಾಳೆ ಎಂದು ತಂದೆ ಹೇಳಿದರಂತೆ. ಅದರ ಮುಂದಿನ ಸೋಮವಾರ ಯಂತ್ರಕ್ಕೆ ಬಟ್ಟೆ ತುಂಬುತ್ತಿದ್ದಾಗಲೇ ಫೋನು ಅತ್ತಲಿಂದ ಬಂತು. ಅವನು ನಿಂತೇ ಕೇಳಿದ. ಮುಗಿದ ಮೇಲೆ ಫೋನನ್ನು ಕಡ್ಡಿಯ ಕೈಗೆ ಕೊಟ್ಟು, ಬುಟ್ಟಿಯಲ್ಲಿ ಉಳಿದಿದ್ದ ಅಂಗಿಗಳನ್ನು ಒಂದೊಂದಾಗಿ ಯಂತ್ರಕ್ಕೆ ಹಾಕಿದ. ಆಮೇಲೆ ಬೆಂಚಿನ ಮೇಲೆ ಕೂತ.

ಅವರ ದೊಡ್ಡ ಪಾದ್ರಿ ಫೋನು ಮಾಡಿ, ಹೋಗುವುದಾದರೆ ಹೋಗು ಎಂದರಂತೆ. ಇವನು ಹೋಗುವುದಿಲ್ಲ ಎಂದ. ನನಗೆ ಸಿಟ್ಟು ನೆತ್ತಿಗೇರಿತು.

"ಹೆತ್ತವಳ ಮುಖ ನೋಡೋಕೂ ಬಿಡದ ದೇವರು ಎಂಥ ದೇವರೋ?"

"ದೇವರು ಅಲ್ಲ ಅಮ್ಮಾ. ಅವಳೇ ಹೇಳಿದ್ದು, ತಿರುಗಬೇಡ ಅಂತ." ಖಾಲಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಕಾಯ್ತೀನಿ ಅಂತಾನೂ ಹೇಳಿದ್ದಳು," ಎಂದ.

ಯಂತ್ರ ತಿರುಗುತ್ತಿತ್ತು. ಕಡ್ಡಿ ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಮರಿಪಾದ್ರಿ ತಲೆಯೆತ್ತಿ ಕೇಳಿದ.

"ಭಾನುವಾರ ಸಭೆಯಲ್ಲಿ ಹೇಳಬೇಕು. ಹೇಗೆ ಹೇಳೋದು? 'ಸತ್ತಳು' ಅಂತ ಪುಸ್ತಕದಲ್ಲಿದೆ. ಅಮ್ಮನಿಗೆ ಆ ಮಾತು ಹೇಳೋಕೆ ಬಾಯಿ ಬರಲ್ಲ."

"ಹಾಗೆ ಯಾರಪ್ಪ ಅಂತಾರೆ?" ಎಂದೆ. ಕಣ್ಣು ತುಂಬಿತ್ತು, ಯೋಚನೆ ಎಲ್ಲಿತ್ತು? "ಅಮ್ಮ ಇಲ್ಲ ಅನ್ನು. ಎಲ್ಲರೂ ಹಾಗೇ ಅನ್ನೋದು."

"ಇಲ್ಲ ಅಂದ್ರೆ... ಮನೆಯಲ್ಲಿ ಇಲ್ಲ ಅಂತ ಅಲ್ವಾ?"

"ಅದೂ ಹೌದು. ಇದೂ ಹೌದು."

ಹೇಳಿದ ಮೇಲೆ ನನಗೆ ಹೊಳೆಯಿತು. ಅವನು ನನ್ನನ್ನೇ ನೋಡುತ್ತಿದ್ದ.

"ಹಾಗಾದ್ರೆ ಬುಧವಾರದ ಮನೆ ಯಜಮಾನರು?"

ನಾನು ಒಣಗಿದ ಬಟ್ಟೆ ಮಡಚತೊಡಗಿದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ. ಅವನಿಗೆ ಅರ್ಥವಾಯಿತು.

"ಇಷ್ಟು ತಿಂಗಳು ಸತ್ತವರನ್ನ ಕ್ಷೇಮವಾಗಿ ಇಡು ಅಂತ ಕೇಳಿದ್ನಾ?" ಎಂದು ನಗಲು ಹೋದ. ನಗು ಬರಲಿಲ್ಲ. "ನಿನ್ನೆ ರಾತ್ರಿ ಅಮ್ಮನಿಗೂ ಅದನ್ನೇ ಕೇಳಿದೆ. ಕ್ಷೇಮವಾಗಿ ಇಡು ಅಂತ. ಆಗಲೇ ಅವಳು ಇರಲಿಲ್ಲ." ಹೇಳುತ್ತಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಚಿಕ್ಕ ಮಕ್ಕಳು ಅಳುವ ಹಾಗೆ, ಬಿಕ್ಕಿ ಬಿಕ್ಕಿ ಅತ್ತ. ನಾನು ಅವನ ತಲೆಯನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಮುಟ್ಟಬಾರದು ಎಂಬುದೂ ಅವರ ನಿಯಮವಂತೆ. ಕಡ್ಡಿ ಕಿಟಕಿಯ ಕಡೆ ತಿರುಗಿಕೊಂಡ. ಆ ಹೊತ್ತಿನಿಂದ ನಿಯಮ ನಿಯಮ ಎನ್ನುವ ಕಡ್ಡಿಯ ಮೇಲಿದ್ದ ನನ್ನ ಸಿಟ್ಟೂ ಹೋಯಿತು.

ಅಕ್ಕನಿಗೆ ಅವನ ತಾಯಿ ಹೋದ ಸುದ್ದಿ ಹೇಳಿದೆ. ಭಾವನ ವಿಷಯ ಅವನಿಗೆ ಗೊತ್ತಾದದ್ದನ್ನು ಹೇಳಲು ನಾಲಿಗೆ ಏಳಲಿಲ್ಲ. ಬುಧವಾರ ಅವನು ಬರುವುದಿಲ್ಲವೆಂದೇ ನಾನು ಅಂದುಕೊಂಡಿದ್ದೆ. ಬಂದ. ಅಕ್ಕ ಬಾಗಿಲು ತೆಗೆದು, "ಕೇಳಿದೆ ಮಗಾ. ಹೀಗಾಗಬಾರದಿತ್ತು," ಎಂದಳು. ಅವನು ತಲೆಯಾಡಿಸಿದ. ಇನ್ನು ಆ ಪ್ರಶ್ನೆ ಬರಬೇಕು. ಅಕ್ಕ ಕಾದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಎಂದಿನಂತೆ ಕೇಳಿಬಿಡು, ನಿನ್ನ ದೇವರು ಒಂದು ಸುಳ್ಳು ಕ್ಷಮಿಸುತ್ತಾನೆ ಎಂದುಕೊಂಡೆ.

ಅವನಿಗೆ ಸುಳ್ಳು ಬರುತ್ತಿರಲಿಲ್ಲ. "ಅಕ್ಕಾ, ಯಜಮಾನರ ಹೆಸರು ಏನಿತ್ತು?" ಎಂದ.

'ಏನು' ಎನ್ನಲಿಲ್ಲ. 'ಏನಿತ್ತು' ಎಂದ.

ಅಕ್ಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟ ಯಾರಿಗೂ ಬೇಡ. ಆಮೇಲೆ ಭಾವನ ಹೆಸರು ಹೇಳಿ, ಹೊಸಿಲು ದಾಟಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹುಡುಗರಿಬ್ಬರೂ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಶೂ ಲೇಸು ಕಟ್ಟಿಕೊಳ್ಳುತ್ತಾ ಬಾಗಿದ ಆ ಬೆಳಿಗ್ಗೆಯನ್ನು ಅಕ್ಕ ಮೊದಲಿನಿಂದ ಹೇಳಿದಳು, ನನಗೂ ಹೇಳದಿದ್ದದ್ದನ್ನೆಲ್ಲ ಹೇಳಿದಳು. ಅವನು ತಾಯಿಯ ಮಾತು ಹೇಳಿದ. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ಅವತ್ತು ಪ್ರಾರ್ಥನೆ ಎಂದು ಯಾರೂ ಕಣ್ಣು ಮುಚ್ಚಲಿಲ್ಲ.

ಏಳುವಾಗ ಅಕ್ಕ, "ಮುಂದಿನ ಬುಧವಾರ ಬಂದು ಇನ್ನೇನು ಕೇಳ್ತೀಯ?" ಎಂದಳು.

ಅವನು ಯೋಚಿಸಿ, "ನೀವು ಇದ್ದೀರಾ ಅಂತ," ಎಂದ.

ಆದರೆ ಅವರ ಸೇವೆಯಲ್ಲಿ ಯಾರನ್ನೂ ಒಂದೇ ಕಡೆ ಬೇರು ಬಿಡಲು ಬಿಡುವುದಿಲ್ಲ. ಆ ವಾರದ ಕೊನೆಯಲ್ಲೇ ಇಬ್ಬರಿಗೂ ಬೇರೆ ಬೇರೆ ಊರಿಗೆ ವರ್ಗವಾಯಿತು. ಮರಿಪಾದ್ರಿ ಬೆಳಿಗ್ಗೆ ಅಂಗಿಗಳನ್ನು ತೆಗೆದುಕೊಂಡು ಹೋಗಲು ಬಂದ. ಅಕ್ಕನನ್ನು ನೋಡಿಬರಲು ಹೊತ್ತಿಲ್ಲ, ಬಸ್ಸು ಕಾಯುತ್ತಿದೆ ಎಂದ. "ಊಟ ಮಾಡೋ ಸರಿಯಾಗಿ," ಎಂದೆ. ಇನ್ನೂ ಅರ್ಧ ವರ್ಷ ಬಾಗಿಲು ತಟ್ಟಿ, ಆಮೇಲೆ ತಾಯಿಯಿಲ್ಲದ ಮನೆಗೆ ಅವನು ಹೋಗಬೇಕಿತ್ತು.

ಬುಧವಾರ ನಾನು ಅಕ್ಕನ ಮನೆಯಲ್ಲಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ ಹೋಗಿ ತೆಗೆದಳು. ಹೊಸ ಹುಡುಗರು, ಹೊಸ ಟೈ.

"ನಮಸ್ಕಾರ ಅಮ್ಮಾ. ಯಜಮಾನರು ಇದ್ದಾರಾ?"

ಇಲ್ಲ ಅನ್ನು ಅಕ್ಕಾ, ಕೆಲಸಕ್ಕೆ ಹೋಗಿದ್ದಾರೆ ಅನ್ನು, ಮತ್ತೆ ಮೊದಲಿಂದ ಶುರು ಮಾಡು ಎಂದು ನನ್ನ ಜೀವ ಒದ್ದಾಡಿತು. ಅವಳನ್ನು ಬೈದಿದ್ದವಳು ನಾನೇ.

"ಸತ್ತುಹೋದರಪ್ಪ," ಎಂದಳು ಅಕ್ಕ. "ಹೋದ ವರ್ಷ."

ಆ ಹುಡುಗ ಕ್ಷಮಿಸಿ ಎಂದು ತಲೆತಗ್ಗಿಸಿ ಮೆಟ್ಟಿಲಿಳಿದು ಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಿದ.